ಬೈಕಲ್ ಸರೋವರದ ಹಾರೆ

ನಾನು ಒಂದು ಹಾರೆ. ಸೈಬೀರಿಯಾದ ಬೈಕಲ್ ಸರೋವರದ ದಡದಲ್ಲಿ ಒಬ್ಬ ಕಮ್ಮಾರ ಹಳೆಯ ರೈಲುಕಂಬಿಯ ತುಂಡನ್ನು ಕಾಯಿಸಿ, ಬಡಿದು ನನ್ನನ್ನು ಮಾಡಿದ. ನನ್ನನ್ನು ಒಯ್ದವನು ಗೊಂಬೊ ಎಂಬ ಬೆಸ್ತ. ಅವನ ಜೊತೆ ತಮ್ಮ ಸಿರೆನ್, ತಮ್ಮನ ಹೆಂಡತಿ ಸೆಸೆಗ್ಮಾ, ಅವರ ಇಬ್ಬರು ಹೆಣ್ಣುಮಕ್ಕಳು ಇದ್ದರು.

ಚಳಿಗಾಲದಲ್ಲಿ ಸರೋವರ ಎಷ್ಟು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆಂದರೆ ಅದರ ಮೇಲೆ ಲಾರಿಗಳು ಓಡುತ್ತವೆ. ಆದರೆ ಕೆಲವೆಡೆ ತಳದಿಂದ ಗುಳ್ಳೆಗಳು ಏಳುತ್ತಿರುತ್ತವೆ; ಅಲ್ಲಿ ಮಂಜುಗಡ್ಡೆ ಹಪ್ಪಳದಂತೆ ತೆಳು. ಮೀನಿಗೆ ಹೋಗುವಾಗ ಗೊಂಬೊ ನನ್ನಿಂದ ಕುಟ್ಟಿ ಸದ್ದು ಕೇಳುತ್ತ ಮುಂದೆ ನಡೆಯುತ್ತಿದ್ದ. ಅಣ್ಣ ತುಳಿದಲ್ಲೇ ತಮ್ಮ ತುಳಿಯುತ್ತಿದ್ದ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಬಿರುಗಾಳಿ ಎದ್ದಿತು. ಮನೆ ಸೇರುವ ಆತುರದಲ್ಲಿ ಗೊಂಬೊ ನನ್ನನ್ನು ಹೆಗಲಿಗೇರಿಸಿಕೊಂಡ. ಕುಟ್ಟಿ ನೋಡಲಿಲ್ಲ. ಹಿಂದಿದ್ದ ಸಿರೆನ್ ಕಾಲಡಿಯ ಮಂಜುಗಡ್ಡೆ ಒಡೆದು ಅವನು ನೀರಿಗೆ ಬಿದ್ದ.

ಗೊಂಬೊ ಬೋರಲು ಮಲಗಿ ನನ್ನನ್ನು ಚಾಚಿದ. ಸಿರೆನ್ ಒದ್ದೆ ಕೈಗಳಿಂದ ಹಿಡಿದ. ಆ ಚಳಿಗೆ ಅವನ ಅಂಗೈ ನನ್ನ ಕಬ್ಬಿಣಕ್ಕೆ ಅಂಟಿಕೊಂಡಿತು. ಅವನ ಕಾಲಡಿ ನೀರು ಒಂದು ಮೈಲಿ ಆಳ.

"ಅಣ್ಣಾ, ಎಳಿ."

ಗೊಂಬೊ ಎಳೆದ. ಅವನ ಎದೆಯ ಕೆಳಗೂ ಬಿರುಕು ಬಿಟ್ಟಿತು.

"ಬಿಡೋ ತಮ್ಮಾ," ಎಂದ.

ಅಂಟಿದ ಕೈ ಬಿಡುವುದು ಹೇಗೆ? ಗೊಂಬೊ ನನ್ನನ್ನು ತಿರುಚಿ ಕಿತ್ತುಕೊಂಡ. ಆ ನೀರು ಬಹಳ ತಿಳಿ. ಸಿರೆನ್ ಇಳಿಯುತ್ತಲೇ ಇದ್ದದ್ದು ತುಂಬ ಹೊತ್ತು ಕಂಡಿತು.

ತಿರುಗಿ ನೋಡುವಷ್ಟರಲ್ಲಿ ಮುಳುಗಿಹೋಗಿದ್ದ ಎಂದು ಗೊಂಬೊ ಮನೆಯಲ್ಲಿ ಹೇಳಿದ. ಸೆಸೆಗ್ಮಾ ನನ್ನ ತುದಿಯಲ್ಲಿದ್ದ ಚರ್ಮವನ್ನು ನೋಡಿದಳು.

"ಭಾವ, ಇದು ಅವರ ಕೈಯಲ್ವಾ?"

ಗೊಂಬೊ ಒದ್ದೆ ಬೂಟು ಕಳಚತೊಡಗಿದ. ಅವಳು ಬಿಸಿನೀರು ಹಾಕಿ ಅದನ್ನು ಬಿಡಿಸಿ ಬಟ್ಟೆಯಲ್ಲಿ ಸುತ್ತಿಟ್ಟಳು. ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ನನ್ನನ್ನು ಅವನ ಮುಂದೆ ಚಾಚಿದಳು.

"ಮಕ್ಕಳು ಉಣ್ಣಬೇಕು. ಮೀನು ತನ್ನಿ. ಇದನ್ನೇ ಹಿಡ್ಕೊಂಡು ಹೋಗಿ."

ಅಂದಿನಿಂದ ಅವಳು ಅವನೊಡನೆ ಮಾತು ಬಿಟ್ಟಳು, ಅವನಿಗೆ ಕೈಗವಸು ಹೊಲಿಯಲಿಲ್ಲ. ಇದ್ದ ಹಳೆಯದನ್ನೂ ಒಲೆಗೆ ಹಾಕಿದಳು. ಗೊಂಬೊ ಬೇರೆಯದನ್ನು ಹುಡುಕಲೂ ಇಲ್ಲ. ಹದಿನೆಂಟು ಚಳಿಗಾಲ ಬರಿಗೈಯಲ್ಲೇ ನನ್ನನ್ನು ಹಿಡಿದ. ದಿನವೂ ಒಂದಿಷ್ಟು ಚರ್ಮ ನನ್ನಲ್ಲಿ ಬಿಟ್ಟ. ಎರಡು ಬೆರಳು ಕೊಳೆತು ಉದುರಿದವು. ಹಾಸಿಗೆ ಹಿಡಿದಾಗ, ಒಂದು ಮಾತಾಡು ಎಂದು ಅವಳನ್ನು ಬೇಡಿಕೊಂಡ. ಅವಳು ಗಂಜಿ ಕುಡಿಸಿದಳು, ಬಾಯಿ ಒರೆಸಿದಳು, ಮಾತಾಡಲಿಲ್ಲ.

ಅವನು ಸತ್ತ ಮೇಲೆ ಒಬ್ಬಳೇ ನಡೆದು ಬಂದು, ಮೀನಿಗಾಗಿ ಮಂಜುಗಡ್ಡೆಯಲ್ಲಿ ಕೊರೆದಿದ್ದ ಕಂಡಿಯೊಳಗೆ ನನ್ನನ್ನು ಬಿಟ್ಟಳು.

ಈಗ ತಳದಲ್ಲಿದ್ದೇನೆ. ಇಲ್ಲಿ ಅಲೆಯಿಲ್ಲ, ಬೆಳಕಿಲ್ಲ. ಮುನ್ನೂರಕ್ಕೂ ಹೆಚ್ಚು ನದಿಗಳು ತರುವ ಹೂಳು ನನ್ನ ಮೇಲೆ ಸ್ವಲ್ಪಸ್ವಲ್ಪವೇ ಕೂರುತ್ತಿದೆ. ಸತ್ತ ಮೀನು ಬಿದ್ದರೆ ಸಣ್ಣ ಸೀಗಡಿಗಳು ಮುತ್ತಿ ಮುಳ್ಳಷ್ಟೇ ಉಳಿಸುತ್ತವೆ. ಗಂಡನ ಬಳಿಗೆ ನನ್ನನ್ನು ಕಳಿಸಿದೆನೆಂದು ಸೆಸೆಗ್ಮಾ ತಿಳಿದಿರಬಹುದು. ಆರುನೂರು ಕಿಲೋಮೀಟರ್ ಉದ್ದದ ಈ ಕತ್ತಲಲ್ಲಿ ಅವನು ಎಲ್ಲೋ, ನಾನು ಎಲ್ಲೋ.