ಸೇಸಮ್ಮ ಸಾರಿಸಿದ ನೆಲ

ಬೆಳುವಾಯಿಯ ಆ ಹಳೆಯ ಮನೆಯ ಮಣ್ಣುಗೋಡೆಯಲ್ಲಿ ಏಳುನೂರ ಎಪ್ಪತ್ತು ತೂತುಗಳಿದ್ದವು. ಮುಚ್ಚುವ ಮೊದಲು ಜತ್ತಪ್ಪ ಒಂದೊಂದಕ್ಕೂ ಭುಜದವರೆಗೆ ಕೈ ಹಾಕಿ ನೋಡಿದ. ಒಂದು ತೂತು ಎಷ್ಟು ಉದ್ದವಿತ್ತೆಂದರೆ, ಅವನು ಇಲ್ಲಿ ಕೈ ತೂರಿಸಿದರೆ ಬೆರಳು ಮೂಡುಬಿದಿರೆ ಪೇಟೆಯಲ್ಲಿ ಹೊರಬಂತು; ಅಲ್ಲಿಯ ಅಂಗಡಿಯವನೊಬ್ಬ ಆ ಬೆರಳ ಸಂದಿಗೆ ಒಂದು ಬೀಡಿ ಸಿಕ್ಕಿಸಿ ಕಳಿಸಿದ. ಬೀಡಿಯನ್ನು ಜತ್ತಪ್ಪ ಸೇದಿ ಮುಗಿಸಿದ ಕಾರಣ ಸಾಕ್ಷಿಗೆ ಉಳಿದಿಲ್ಲ.

ನಯಾಪೈಸೆ ಬಂದ ವರ್ಷದ ಬೇಸಗೆ ಅದು. ಅಣ್ಣನ ಮನೆಯ ಜಗಲಿಯ ಮೂಲೆಯಲ್ಲಿ ಆರು ವರ್ಷ ಸಂಸಾರ ಮಾಡಿದ ಜತ್ತಪ್ಪ ಮತ್ತು ಸೇಸಮ್ಮನಿಗೆ ಊರಿನ ಧನಿಗಳು ಆ ಪಾಳುಮನೆ ತೋರಿಸಿ, "ಮಳೆ ಹಿಡಿಯುವ ಮೊದಲು ಮನುಷ್ಯರು ಇರುವ ಹಾಗೆ ಮಾಡಿಕೊಂಡರೆ ನೀವೇ ಇರಿ" ಎಂದಿದ್ದರು. ಮೇಸ್ತ್ರಿಯನ್ನು ಕರೆಯುವ ತಾಕತ್ತು ಇಲ್ಲ. ಗೋಡೆ ಗಂಡನ ಪಾಲಿಗೆ, ನೆಲ ಹೆಂಡತಿಯ ಪಾಲಿಗೆ. ಮಡಂತ್ಯಾರಿನಲ್ಲಿ ಕೆಡವಿದ ಅಂಗಡಿಯೊಂದರ ಹಳೆಯ ಹಂಚುಗಳನ್ನು ಮೊಯಿದಿನಬ್ಬ ಬ್ಯಾರಿ ಎತ್ತಿನಗಾಡಿಯಲ್ಲಿ ತಂದುಕೊಡುತ್ತಿದ್ದರು. ಸೇಸಮ್ಮನಿಗೆ ಆಗ ಐದು ತಿಂಗಳು. ಆರು ವರ್ಷ ಕಾದ ಮೇಲೆ ನಿಂತ ಮೊದಲ ಬಸಿರು.

ಅವಳು ಹಾಕಿದ ಕಟ್ಟಳೆ ಒಂದೇ. "ತೂತಿಗೆ ಹೊಗೆ ಹಾಕಿ, ಒಂದು ದಿನ ಬಿಟ್ಟು ಮುಚ್ಚಿ. ಒಳಗೆ ನಾಗ ಇದ್ದರೆ?"

"ಹೊಗೆ ಯಾಕೆ ಮಾರಾಯ್ತಿ? ನಾನು ಕೈ ಹಾಕಿಯೇ ನೋಡ್ತೇನೆ."

ನಾಗರಹಾವು ಮನುಷ್ಯನ ಕೈಯಿಂದ ಸತ್ತರೆ ಏನಾಗುತ್ತದೆಂದು ಆ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮನುಷ್ಯನ ಹೆಣಕ್ಕೆ ಮಾಡುವ ಸಂಸ್ಕಾರವನ್ನೆಲ್ಲ ಅದಕ್ಕೂ ಮಾಡಬೇಕು. ಅದು ಸತ್ತ ಮನೆಯೊಳಗೆ ಯಾರೂ ಒಲೆ ಹಚ್ಚುವ ಹಾಗಿಲ್ಲ. ದೋಷ ಮೊದಲು ಮುಟ್ಟುವುದು ಹೆಂಗಸಿನ ಹೊಟ್ಟೆಯನ್ನು.

ಬುಧವಾರ ಮಧ್ಯಾಹ್ನ ಸೇಸಮ್ಮ ಸೆಗಣಿಗೆ ತೆಂಗಿನ ಗೆರಟೆಯ ಮಸಿ ಕಲಸಿ ಒಳಕೋಣೆಯ ನೆಲ ಸಾರಿಸಿ ಮುಗಿಸಿದಳು. ಕನ್ನಡಿಯಂಥ ಕಪ್ಪು ನೆಲ. ಮರುದಿನದವರೆಗೆ ಯಾರೂ ಕಾಲಿಡಬಾರದು. ಪಶ್ಚಿಮದಲ್ಲಿ ಮೋಡ ಕಟ್ಟಿತ್ತು. ಮನೆಯ ಹಿಂದೆ ಉದುರಿದ ಮಣ್ಣು ಬಾಚುತ್ತಿದ್ದ ಜತ್ತಪ್ಪನಿಗೆ, ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಬಿಳಿಯದೇನೋ ಜೋತಾಡುವುದು ಕಂಡಿತು. ಬೈಹುಲ್ಲಿನ ಎಳೆಯಿರಬೇಕೆಂದು ಎಳೆದ.

ಹುಲ್ಲಲ್ಲ. ತೆಳ್ಳಗೆ, ಮೆತ್ತಗೆ, ಮೈತುಂಬ ಚಿಪ್ಪಿನ ಗುರುತು. ಹಾವಿನ ಪೊರೆ. ಇನ್ನೂ ಪಸೆ ಆರಿರಲಿಲ್ಲ. ಅದರ ಇನ್ನೊಂದು ತುದಿ, ಹಿಂದಿನ ದಿನ ಬೆಳಿಗ್ಗೆ ಒಳಗೂ ಹೊರಗೂ ಅವನೇ ಮೆತ್ತಿ ಮುಚ್ಚಿದ ಮಣ್ಣಿನೊಳಗೆ ಸಿಕ್ಕಿಕೊಂಡಿತ್ತು.

ಜತ್ತಪ್ಪನ ಎದೆ ಬಡಿದ ಸದ್ದಿಗೆ, ಟಯರ್ ಒಡೆಯಿತೆಂದುಕೊಂಡು ಬಂಟ್ವಾಳದ ಬಸ್ಸು ರಸ್ತೆಯಲ್ಲಿ ನಿಂತಿತು. ಅವನು ಕುಕ್ಕರುಗಾಲಲ್ಲಿ ಕೂತು ಗೋಡೆಗೆ ಕಿವಿ ಇಟ್ಟ. ಏನೂ ಇಲ್ಲ. ಕಿವಿ ತೆಗೆಯಬೇಕೆನ್ನುವಾಗ, ಗೋಡೆಯ ಹೊಟ್ಟೆಯಲ್ಲಿ ಮಣ್ಣಿನ ಹುಡಿ ಸರ್ರನೆ ಜಾರಿತು. ನಿಂತಿತು. ಮತ್ತೆ ಜಾರಿತು, ಈ ಸಲ ನಿಧಾನವಾಗಿ, ದಾರಿ ಹುಡುಕುವವರ ಹಾಗೆ.

"ಅಲ್ಲಿ ಕಿವಿ ಇಟ್ಟು ಎಂಥ ಕೇಳ್ತಾ ಇದ್ದೀರಿ?" ಸೇಸಮ್ಮ ಹಿಂದೆ ಬಂದು ನಿಂತಿದ್ದಳು. ಉತ್ತರ ಬರುವ ಮೊದಲೇ ಅವನ ಕೈಯಲ್ಲಿದ್ದ ಪೊರೆ ಅವಳ ಕಣ್ಣಿಗೆ ಬಿತ್ತು. ಎರಡೂ ಕೈಗಳು ತಾವಾಗಿ ಹೊಟ್ಟೆಯ ಮೇಲೆ ಹೋದವು.

"ಕೈ ಹಾಕಿ ನೋಡಿದ್ದೇನೆ ಅಂದಿರಲ್ಲ?"

"ನೋಡಿದ್ದೆ. ಆಗ ಅದು ಮನೆಯಲ್ಲಿ ಇರಲಿಲ್ಲ."

"ತಮಾಷೆ ಬೇಡ! ಜೀವ ಉಂಟಾ ಅದಕ್ಕೆ?"

"ಉಂಟು. ಹರೀತಾ ಉಂಟು."

"ಹಾಗಾದರೆ ಈಗಲೇ ಒಡೆಯುವ. ಉಸಿರು ಕಟ್ಟಿದರೆ ಮುಗೀತು."

ಹೊರಗಿನಿಂದ ಒಡೆದರೆ ಮಾಡಿನ ತೊಲೆ ಕೂತ ಮೂಲೆಯೇ ಕುಸಿಯುವ ಭಯ. ಒಳಗಿನಿಂದಲೇ ಒಡೆಯಬೇಕು, ಹಸಿ ನೆಲ ತುಳಿದುಕೊಂಡು. ಹಾವು ಹೊರಬಂದರೆ ಒಡೆಯುವವನ ಮುಖದೆದುರೇ ಬರಬೇಕು. ಆದರೂ ಜತ್ತಪ್ಪ ಹೆಂಡತಿಯನ್ನು ಹೊಸ್ತಿಲಾಚೆ ನಿಲ್ಲಿಸಿ, ಪಿಕ್ಕಾಸು ಹಿಡಿದು ಹುಲಿಯ ಹಾಗೆ ಒಳಗೆ ನಡೆದ. ಎಣಿಸಿ ಮೂರೇ ಏಟು. ಮಣ್ಣಿನ ಹೆಂಟೆ ಕಳಚಿತು. ಮೊದಲು ಬಂದದ್ದು ಉಸಿರು, ತಣ್ಣಗಿನ ಹಸಿಮಣ್ಣಿನ ವಾಸನೆ. ಆಮೇಲೆ ತಲೆ. ಆಮೇಲೆ ಗೆರಸೆಯಷ್ಟು ಅಗಲದ ಹೆಡೆ, ತೆಂಗಿನಮರದಷ್ಟು ಮೈ. ಅದು ಜತ್ತಪ್ಪನನ್ನು ನೋಡಿತು, ಜತ್ತಪ್ಪ ಅದನ್ನು ನೋಡಿದ. ರೆಪ್ಪೆ ಹೊಡೆಯದ ಆ ಗಂಡಸಿಗೆ ನಾಗ ತಲೆ ತಗ್ಗಿಸಿ, ಹಿಂದಿನ ಬಾಗಿಲಿನಿಂದ ಹರಿದು ಹೋಯಿತು.

ಮರುದಿನ ಬೆಳಿಗ್ಗೆ ಅಡುಗೆಕೋಣೆಯ ಹಂಚು ತಂದ ಮೊಯಿದಿನಬ್ಬ ಇದನ್ನೆಲ್ಲ ಜತ್ತಪ್ಪನ ಬಾಯಿಂದ ಗಾಡಿಗೆ ಒರಗಿ ಕೇಳಿದರು. ಕೇಳಿಯಾದ ಮೇಲೆ ಒಳಕೋಣೆಯ ಬಾಗಿಲಿಗೆ ಹೋಗಿ ಬಗ್ಗಿದರು. ನೆಲ ಒಣಗಿ ಗಟ್ಟಿಯಾಗಿತ್ತು.

"ಜತ್ತಪ್ಪ, ನಿನ್ನ ಕಾಲು ಎಷ್ಟು ದೊಡ್ಡದು ಮಾರಾಯ?"

"ಯಾಕೆ ಬ್ಯಾರಿಗಳೇ?"

"ಗೋಡೆವರೆಗೆ ಹೋದ ಹೆಜ್ಜೆ ಗೇಣುದ್ದವೂ ಇಲ್ಲ. ಹಿಮ್ಮಡಿ ಮಾತ್ರ ಆಳಕ್ಕೆ ಇಳಿದಿದೆ, ಭಾರ ಹೊತ್ತವರ ಹಾಗೆ. ಹಾವು ಹರಿದ ಗೀಟು ಹಿಂಬಾಗಿಲಿಗೆ ಹೋಗಿದೆ. ಹೊಸ್ತಿಲ ಹತ್ತಿರ ಬೇರೆ ಎರಡು ಗುಂಡಗಿನ ಗುರುತು ಉಂಟು. ಇದು ಯಾರ ಮೊಣಕಾಲು?"

ಸೇಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಗಂಡನ ಗುಟ್ಟು ಬಿಟ್ಟುಕೊಡಲಿಲ್ಲ. ಆದರೆ ನೆಲ ಅವಳದೇ, ಅದು ಹೇಳಿಯಾಗಿತ್ತು.

ಇನ್ನು ‘ಜತ್ತಪ್ಪ’, ‘ಅವನು’ ಎಂದು ಯಾರದೋ ಕಥೆಯ ಹಾಗೆ ಹೇಳಿ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಆ ಮೊಣಕಾಲು ನನ್ನದು. ಪಿಕ್ಕಾಸನ್ನು ನನ್ನ ಕೈಯಿಂದ ಕಿತ್ತುಕೊಂಡು ಹೋದವಳು ಸೇಸಮ್ಮ. ಏಟು ಮೂರಲ್ಲ, ಇಪ್ಪತ್ತಾದರೂ ಇರಬೇಕು. ನಾನು ಕಣ್ಣು ಮುಚ್ಚಿದ್ದೆ. ಹಾವು ಒಂದು ಮಾರು ಇತ್ತಂತೆ. ಅವಳು ಕೈ ಮುಗಿದು "ಹೋಗಪ್ಪಾ" ಎಂದದ್ದು ಮಾತ್ರ ಕೇಳಿಸಿತು.

"ತೂತಿಗೆ ಕೈ ಹಾಕಿದ್ದಾದರೂ ಸತ್ಯವಾ?" ಬ್ಯಾರಿಗಳು ಕೇಳಿದರು.

"ಇಲ್ಲ. ಹೆದರಿಕೆಯಾಯಿತು. ಏಳುನೂರ ಎಪ್ಪತ್ತೂ ಅಲ್ಲ, ಇದ್ದದ್ದು ಹನ್ನೊಂದು. ಒಂದಕ್ಕೂ ಕೈ ಹಾಕಲಿಲ್ಲ, ಹೊಗೆಯೂ ಹಾಕಲಿಲ್ಲ. ಸುಮ್ಮನೆ ಮಣ್ಣು ಮೆತ್ತಿದೆ."

ಸೇಸಮ್ಮನ ನಗು ನಿಂತಿತು. ಅವಳು ಒಳಗೆ ಹೋಗಿ ಪಿಕ್ಕಾಸು ತಂದು ನನ್ನ ಕೈಗೆ ಕೊಟ್ಟಳು.

"ಹಾಗಾದರೆ ಇನ್ನೂ ಹತ್ತು ಉಂಟು" ಎಂದಳು. "ಬನ್ನಿ, ಒಡೆಯುವ."