ಎರಡು ಮೀಟರ್ ದೂರದ ಮಗಳು

ಬಟ್ಟೆ ಹೊಲಿಯುವವಳಿಗೆ ಅಳತೆ ತಪ್ಪಿದರೆ ನಿದ್ದೆ ಬರುವುದಿಲ್ಲ. ಹದಿನೈದು ದಿನ ಮಗುವಿನಿಂದ ಎರಡು ಮೀಟರ್ ದೂರವಿರಬೇಕು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದಾಗ ಅವಳು ಮನೆಗೆ ಬಂದವಳೇ ಟೇಪು ಹಿಡಿದು, ತನ್ನ ಕುರ್ಚಿಯ ಮುಂದೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ರವಿಕೆ ಹೊಲಿಯುವಾಗ ಹೊಲಿಗೆಯೊಳಗೆ ಒಂದಿಷ್ಟು ಹೆಚ್ಚು ಬಟ್ಟೆ ಬಿಡುವ ಅಭ್ಯಾಸ ನೋಡಿ, ಇಲ್ಲೂ ಒಂದು ಗೇಣು ಹೆಚ್ಚಿಗೇ ಬಿಟ್ಟಳು. ಆಮೇಲೆ ಆ ಗೇಣಿಗಾಗಿಯೇ ಎಷ್ಟು ಸಲ ತನ್ನನ್ನು ಬೈದುಕೊಂಡಳೋ!

ಕತ್ತಿನ ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರ್ ಇತ್ತು. ಆಪರೇಷನ್ ಮಾಡಿ ತೆಗೆದಿದ್ದರು. ಉಳಿದ ಚೂರುಪಾರಿಗೆ ವಿಕಿರಣ ಸೂಸುವ ಅಯೋಡಿನ್ ಮಾತ್ರೆ.

"ಥೈರಾಯ್ಡ್ ಕಣಗಳಿಗೆ ಅಯೋಡಿನ್ ಅಂದ್ರೆ ಪ್ರಾಣ. ಎಲ್ಲಿ ಅಡಗಿದ್ರೂ ಹೀರ್ಕೊಂಡು ಅದರಿಂದ್ಲೇ ಸಾಯ್ತವೆ. ಎಲ್ಲಿದ್ವು ಅಂತ ಸ್ಕ್ಯಾನಲ್ಲೂ ಕಾಣ್ಸುತ್ತೆ," ಎಂದಿದ್ದರು ಡಾಕ್ಟರು.

"ಕಳ್ಳರೇ ಠಾಣೆಗೆ ಬಂದು ವಿಳಾಸ ಕೊಟ್ಟ ಹಾಗಾಯ್ತು ಬಿಡಿ," ಎಂದು ಅವಳು ನಕ್ಕಿದ್ದಳು.

ವಿಕಿರಣ ಹೊರಬಾರದಂತೆ ಸೀಸದ ಬಾಗಿಲು ಹಾಕಿದ ಆಸ್ಪತ್ರೆಯ ಕೋಣೆಯಲ್ಲಿ ಆ ನಗು ಉಳಿಯಲಿಲ್ಲ. ಮಿಕ್ಕ ಅಯೋಡಿನ್ ಮೈಯಿಂದ ಹೊರಹೋಗಲೆಂದು ಮೂರು ದಿನ ಒಬ್ಬಳೇ ಜಗ್ಗುಗಟ್ಟಲೆ ನೀರು ಕುಡಿದಳು. ಟೆಕ್ನಿಷಿಯನ್ ದಿನಕ್ಕೊಮ್ಮೆ ದೂರ ನಿಂತು ಮೀಟರ್ ಹಿಡಿದು ಅವಳ ಮೈಯಿಂದ ಹೊಮ್ಮುವ ವಿಕಿರಣ ಅಳೆಯುತ್ತಿದ್ದ. ಅದು ಸಾಕಷ್ಟು ಇಳಿದ ಮೇಲೆ ಮನೆಗೆ ಬಿಟ್ಟರು.

ಮನೆಯಲ್ಲೇ ಹೆಚ್ಚು ಕಷ್ಟವಾಯಿತು. ಮೊದಲ ದಿನವೇ ನಾಲ್ಕು ವರ್ಷದ ಮಗಳು "ಅಮ್ಮಾ!" ಎಂದು ಗೆರೆ ದಾಟಿ ಓಡಿಬಂದಳು. ಅತ್ತೆ ಗಾಬರಿಯಿಂದ ಅವಳ ರಟ್ಟೆ ಹಿಡಿದೆಳೆದರು.

"ಅಮ್ಮನ್ನ ಮುಟ್ಟಿದ್ರೆ ಆಸ್ಪತ್ರೆಯವರು ಬಂದು ಮತ್ತೆ ಕರ್ಕೊಂಡು ಹೋಗ್ತಾರೆ, ನೋಡು!"

ಹಾಗೇನಿಲ್ಲ ಪುಟ್ಟಿ ಎನ್ನಲು ಅವಳು ಬಾಯಿ ತೆರೆದಳು. ಆದರೆ ಮಗು ಅಲ್ಲೇ ನಿಂತುಬಿಟ್ಟಿತ್ತು. ಸದ್ಯಕ್ಕೆ ಅನುಕೂಲವಾಯಿತೆಂದು ಸುಮ್ಮನಾದಳು.

ಪುಟ್ಟಿ ಮತ್ತೆ ಗೆರೆ ದಾಟಲಿಲ್ಲ. ಗೆರೆಯಾಚೆ ಕೂತು ಅಜ್ಜಿಯ ಕೈಯಲ್ಲಿ ತಲೆ ಬಾಚಿಸಿಕೊಳ್ಳುತ್ತಿದ್ದಳು. ಬೈತಲೆ ದಿನಾ ಸೊಟ್ಟಗಿರುತ್ತಿತ್ತು, ಅದನ್ನು ತಿದ್ದಲಾಗದೆ ಅಮ್ಮನ ಕೈ ಚಡಪಡಿಸುತ್ತಿತ್ತು. ಮಗುವಿನ ಬೆವರು ನೆತ್ತಿಯ ವಾಸನೆಗಾಗಿ ಜೀವ ಹಂಬಲಿಸುತ್ತಿತ್ತು. ಕಣ್ಣೆದುರಿಗಿರುವ ಮಗಳಿಗಾಗಿ ಹೀಗೆ ಕೊರಗುವುದಕ್ಕಿಂತ ಆ ಸೀಸದ ಕೋಣೆಯೇ ವಾಸಿ ಎನ್ನಿಸಿತು.

ಹದಿನಾರನೆಯ ದಿನ ಬೆಳಿಗ್ಗೆ ಆಸ್ಪತ್ರೆಗೆ ಫೋನು ಮಾಡಿ ಕೇಳಿದಳು. ಇನ್ನು ಧಾರಾಳವಾಗಿ ಎತ್ತಿಕೊಳ್ಳಬಹುದು ಎಂದರು. ಅವಳು ಒದ್ದೆ ಬಟ್ಟೆಯಿಂದ ನೆಲದ ಗೆರೆ ಒರೆಸಿ, ಮಂಡಿಯೂರಿ ಎರಡೂ ಕೈ ಚಾಚಿದಳು.

"ಬಾ ಪುಟ್ಟಿ."

ಪುಟ್ಟಿ ಹಿಂದಕ್ಕೆ ಸರಿದಳು. ಅಮ್ಮ ಒಂದು ಹೆಜ್ಜೆ ಮುಂದಿಟ್ಟರೆ ಮಗು ಎರಡು ಹೆಜ್ಜೆ ಹಿಂದೆ ಹೋಗಿ ಗೋಡೆಗೆ ಆತುಕೊಂಡಿತು.

"ಬೇಡಮ್ಮಾ. ನಿನ್ನ ಕರ್ಕೊಂಡು ಹೋಗ್ತಾರೆ."

ಅವಳಿಗೆ ಆಗ ಹೊಳೆಯಿತು. ಮಗು ಇಷ್ಟು ದಿನ ದೂರವಿದ್ದದ್ದು ತನ್ನನ್ನು ಉಳಿಸಿಕೊಳ್ಳುವುದಕ್ಕೆ! ಓಡಿಹೋಗಿ ಬಾಚಿಕೊಳ್ಳಬೇಕೆಂಬ ಆಸೆಯನ್ನು ಹಲ್ಲುಕಚ್ಚಿ ತಡೆದಳು.

"ಅಜ್ಜಿ ಹೇಳಿದ್ದು ಸುಳ್ಳು ಕಣೇ ಕಂದ. ಗೊತ್ತಿದ್ದೂ ನಾನು ಸುಮ್ನಿದ್ದೆ. ನನ್ನದೇ ತಪ್ಪು. ಯಾರೂ ಬರಲ್ಲ."

ಪುಟ್ಟಿ ಗೋಡೆ ಬಿಟ್ಟಳು. ಮೆಲ್ಲಗೆ ಬಂದು ಒಂದೇ ಬೆರಳಿನಿಂದ ಅಮ್ಮನ ಕೆನ್ನೆ ಮುಟ್ಟಿ, ಬಾಗಿಲಿಗೆ ಓಡಿ ಬೀದಿಯ ಎರಡೂ ಕಡೆ ನೋಡಿದಳು. ವಾಪಸು ಬಂದು ಅಂಗೈಯಿಟ್ಟಳು, ಮತ್ತೆ ಓಡಿ ನೋಡಿದಳು. ಅಮ್ಮ ಅಲುಗದೆ ಕೂತೇ ಇದ್ದಳು. ಮೂರನೆಯ ಸಲ ಬಂದ ಪುಟ್ಟಿ ಬಾಗಿಲಿಗೆ ಹೋಗಲಿಲ್ಲ.