ನೀಲಿ ಮೊಟ್ಟೆಯ ಕೋಳಿಗಳು ಕೆಲಸಕ್ಕೆ ಹೋದದ್ದು

ಪಿಚಿಕೋ ಗುಡ್ಡದಲ್ಲಿ ಕಂಪನಿಯ ಪೈನ್ ಸಸಿಗಳಿಗಿದ್ದ ಆರೈಕೆ ನಮ್ಮ ಹೆಂಗಸರಿಗೆ ಇರಲಿಲ್ಲ. ಸಸಿಯ ಬುಡಕ್ಕೆ ಡಬ್ಬಿಯಲ್ಲಿ ಅಳೆದ ಬಿಳಿ ಗೊಬ್ಬರ. ಅದನ್ನು ಬಗ್ಗಿ ಬಗ್ಗಿ ಹಾಕುವವರಿಗೆ ಮಧ್ಯಾಹ್ನ ತಣ್ಣೀರಲ್ಲಿ ಕಲಸಿದ ಹುರಿಹಿಟ್ಟು. ಕೈಗವಸು ಕೇಳಿದರೆ ಮುಂದಿನ ವಾರ.

"ಮಳೆ ಬರೋದ್ರೊಳಗೆ ಚೀಲ ಖಾಲಿ ಆಗ್ಬೇಕು. ಎರಡೆರಡು ಡಬ್ಬಿ ಸುರೀರಿ" ಎಂದ ಮೇಸ್ತ್ರಿ ಗಾಲ್ವೆಸ್.

"ಒಂದೇ ಅಂತ ಚೀಲದ ಮೇಲೈತಲ್ಲ ಮೇಸ್ತ್ರಿ" ಎಂದಳು ಪಕ್ಕದ ಮನೆಯ ಎರ್ಮೆಲಿಂದಾ.

"ನಿಂಗೆ ಯಾವಾಗ ಓದು ಬಂತು?"

"ಚಿತ್ರ ಹಾಕವ್ರೆ. ಒಂದು ಗಿಡ, ಒಂದು ಡಬ್ಬಿ."

"ಚಿತ್ರ ಬರೆದೋನು ದಣಿಗಳನ್ನ ನೋಡಿಲ್ಲ. ಬೇಸಿಗೇಲಿ ಅವರು ಬಂದಾಗ ಗಿಡ ಸೊಂಟದೆತ್ತರ ಇರ್ಬೇಕು."

ಸುರಿದರು. ಗುಡ್ಡದ ಹುಲ್ಲನ್ನೆಲ್ಲ ಮೊದಲೇ ಔಷಧಿ ಹೊಡೆದು ಸುಟ್ಟಿದ್ದರು. ಮಳೆ ಬಂದಾಗ ಗೊಬ್ಬರವನ್ನು ಹಿಡಿದುಕೊಳ್ಳಲು ಹುಲ್ಲಿನ ಒಂದು ಬೇರೂ ಇರಲಿಲ್ಲ. ಅದು ನೆಲದೊಳಗೆ ಇಳಿಯಿತು. ಗುಡ್ಡದ ಕೆಳಗೆ ನಮ್ಮಪ್ಪ ತೋಡಿದ ಬಾವಿ. ಏಳು ಮನೆಗೆ ಅದೊಂದೇ.

ನೀರಿನ ರುಚಿ ಬದಲಾಗಲಿಲ್ಲ. ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎರ್ಮೆಲಿಂದಾಳ ಮಗಳು ಎಲ್ಬಾ ಹೆತ್ತು ಎರಡು ತಿಂಗಳಿಗೇ ಗುಡ್ಡ ಹತ್ತಿದ್ದಳು. ಪೈನ್ ಸಸಿ ಕಾಯುವುದಿಲ್ಲವಂತೆ, ಕೂಸು ಕಾಯುತ್ತದಂತೆ. ಕೂಸು ಲಿಕಾನ್‌ಗೆ ಬಾಟಲಿಯಲ್ಲಿ ಬಾವಿ ನೀರಿಗೆ ಕಲಸಿದ ಪುಡಿಹಾಲು.

ಒಂದು ದಿನ ಕೂಸಿನ ತುಟಿ ನೀಲಿಯಾಯಿತು. ಕಂಪನಿಯವರು ಬೋರ್ಡು ಹಾಕಿದ್ದರು, ನೀರು ಕುದಿಸಿ ಕುಡಿಯಿರಿ ಎಂದು. ನಾವು ವಿಧೇಯರು. ಪಾತ್ರೆಯ ನೀರು ಅರ್ಧ ಇಂಗುವವರೆಗೆ ಕುದಿಸಿ ಹಾಲು ಕಲಸಿದೆವು. ಉಗುರೂ ನೀಲಿಯಾಯಿತು.

"ಕುದಿಸಿದಷ್ಟೂ ನೀರಲ್ಲಿರೋ ಗೊಬ್ಬರದ ಉಪ್ಪು ಇನ್ನೂ ಗಟ್ಟಿಯಾಗುತ್ತೆ ತಾಯಿ, ಕೂಸಿನ ರಕ್ತಕ್ಕೆ ಅದೇ ವಿಷ" ಎಂದರು ಪಟ್ಟಣದ ಆಸ್ಪತ್ರೆಯ ಡಾಕ್ಟರಮ್ಮ. ಕೂಸು ಉಳಿಯಿತು. ಆದರೆ ಒಳ್ಳೆ ನೀರು ಸಿಗುವವರೆಗೆ ಮನೆಗೆ ಕಳಿಸುವುದಿಲ್ಲ ಎಂದರು.

ಸರ್ಕಾರದ ಸಾಹೇಬರು ಬಂದು ಬಾವಿಯ ನೀರನ್ನು ಬಾಟಲಿಗೆ ತುಂಬಿಕೊಂಡು ಹೋದರು. ತಿಂಗಳ ಮೇಲೆ ಕಾಗದ ಹಿಡಿದು ಬಂದರು.

"ನೀರಲ್ಲಿ ಗೊಬ್ಬರದ ಉಪ್ಪು ಜಾಸ್ತಿ ಇದೆ. ಕಾರಣ, ನಿಮ್ಮ ಕೋಳಿಗಳ ಹಿಕ್ಕೆ."

"ಕೋಳಿ ನಮ್ಮಪ್ಪನ ಕಾಲದಿಂದ ಅವೆ ಸಾಹೇಬ್ರೆ. ಆಗ ಯಾವ ಕೂಸೂ ನೀಲಿ ಆಗ್ಲಿಲ್ಲ" ಎಂದೆ.

ಸಾಹೇಬರು ನನ್ನ ಮೊಟ್ಟೆ ಬುಟ್ಟಿ ನೋಡಿದರು. ನಮ್ಮ ಮಾಪುಚೆ ಜನರ ಕೋಳಿಗೆ ಬಾಲವಿಲ್ಲ, ಮೊಟ್ಟೆ ಆಕಾಶದ ಬಣ್ಣ. "ನಿಮ್ಮಲ್ಲಿ ಮೊಟ್ಟೆನೇ ನೀಲಿ ಅಜ್ಜ. ಕೂಸು ನೀಲಿಯಾದ್ರೆ ಏನು ವಿಶೇಷ?" ಎಂದು ನಕ್ಕರು.

ಹೊರಡುವಾಗ ಹನ್ನೆರಡು ಮೊಟ್ಟೆ ಕಟ್ಟಿಕೊಟ್ಟೆ. ಬಂದವರನ್ನು ಬರಿಗೈಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ. ಬರಿಗೈಲಿ ಹೋಗುವ ರೂಢಿ ಅವರಲ್ಲೂ ಇಲ್ಲ, ತೆಗೆದುಕೊಂಡರು.

ಎರ್ಮೆಲಿಂದಾ ಕಾಗದವನ್ನು ಮಡಿಚಿ ಹೊದ್ದ ಶಾಲಿನ ತುದಿಗೆ ಕಟ್ಟಿಕೊಂಡಳು. "ನಮ್ಮ ಕೋಳಿ ಇಷ್ಟು ದುಡೀತವೆ ಅಂತ ನಮಗೇ ಗೊತ್ತಿರ್ಲಿಲ್ಲವಲ್ಲ ಅಣ್ಣಾ" ಎಂದಳು.

ಸೋಮವಾರ ಎರಡನೇ ಸಲದ ಗೊಬ್ಬರ. ಚೀಲಗಳ ರಾಶಿ ಬಂದು ಬಿದ್ದಿತ್ತು, ಮೋಡವೂ ಕವಿದಿತ್ತು. ಏಳು ಮನೆಯ ಹೆಂಗಸರೂ ಕಂಕುಳಲ್ಲಿ ಕೋಳಿ ಹಿಡಿದು ಗುಡ್ಡ ಹತ್ತಿದರು. ಉಳಿದವನ್ನು ನಾನು ಎತ್ತಿನ ಗಾಡಿಯಲ್ಲಿ ತಂದೆ. ಬಿಟ್ಟ ಕೂಡಲೇ ಅವು ಚೀಲದ ಮೇಲೆ ಹತ್ತಿ ಕೂತವು.

"ಏನಿದು?" ಎಂದ ಗಾಲ್ವೆಸ್.

"ಗೊಬ್ಬರದೋರು" ಎಂದಳು ಎರ್ಮೆಲಿಂದಾ. "ಬಾವಿ ತುಂಬ ಗೊಬ್ಬರ ಸುರಿದದ್ದು ಇವೇ ಅಂತೆ. ಕಾಗದ ನೋಡಿ ಮೇಸ್ತ್ರಿ, ಸರ್ಕಾರದ ಮೊಹರು ಐತೆ. ಇಷ್ಟು ಕೆಲಸಗಾರರಿರುವಾಗ ನಾವ್ಯಾಕೆ ಬೆನ್ನು ಬಗ್ಗಿಸೋದು?"

"ಕೆಳಗೆ ಹೊಡ್ಕೊಂಡು ಹೋಗಿ. ಎಲ್ಲಾ ಗಲೀಜು ಮಾಡ್ತವೆ."

"ಇಲ್ಲ ಮೇಸ್ತ್ರಿ. ಇನ್ನು ಇವು ಇಲ್ಲೇ ಇರ್ತವೆ, ಬಾವಿ ಹತ್ರ ಒಂದು ಪುಕ್ಕಾನೂ ಇಲ್ಲ. ಹೋಗಿ ಸಾಹೇಬ್ರನ್ನ ಕರ್ಕೊಂಡು ಬನ್ನಿ. ಬಾಟಲಿ ತರ್ಲಿ, ಮತ್ತೆ ನೀರು ತುಂಬ್ಲಿ. ಈ ಸಲ ಯಾರ ಹಿಕ್ಕೆ ಅಂತ ಬರೀತಾರೋ ನೋಡ್ತೀವಿ. ಅಲ್ಲೀವರೆಗೂ ಡಬ್ಬಿ ಮುಟ್ಟಲ್ಲ."

ಎಲ್ಬಾ ತನ್ನ ಡಬ್ಬಿಯನ್ನು ಅವನ ಕಾಲ ಬಳಿ ಬೋರಲು ಹಾಕಿದಳು. ಒಬ್ಬೊಬ್ಬರಾಗಿ ಎಲ್ಲರೂ ಹಾಕಿ, ಚೀಲಗಳ ಪಕ್ಕ ಕೂತರು.

ಮಳೆ ಶುರುವಾಯಿತು. ಯಾರೂ ಏಳಲಿಲ್ಲ. ಚೀಲಗಳ ಬಾಯಿ ಹೊಲಿದಂತೆಯೇ ಇತ್ತು.